ಕೀಟೋನ್ ಪಟ್ಟಿ ತಿಳಿ ಗುಲಾಬಿ ಬಂದಿದೆ, ಮಗ ಊಟ ಬೇಡ ಅಂತಾನೆ. ಇನ್ಸುಲಿನ್ ಕೊಡಬೇಕಾ?

ಹನ್ನೊಂದು ವರ್ಷದ ಮಗನಿಗೆ ಟೈಪ್ 1 ಡಯಾಬಿಟಿಸ್, ಜ್ವರ, ಶುಗರ್ 280, ಮೂತ್ರದಲ್ಲಿ ಕೀಟೋನ್ ಇದೆಯಾ ಅಂತ ಅದ್ದಿ ನೋಡುವ ಪಟ್ಟಿ ತಿಳಿ ಗುಲಾಬಿ ಅಂತ ಬರೆದಿದ್ದೀರಿ. ಊಟ ಮಾಡದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಎಷ್ಟು ಯೂನಿಟ್ ಅಂತ ಈಗಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮಿಕ್ಕಿದ್ದನ್ನು ಆಮೇಲೆ ಓದಿ.

ನಾವು ತುಮಕೂರಿನವರು, ನನ್ನ ಮಗಳಿಗೂ ಇದೇ ಕಾಯಿಲೆ. ಒಂದ್ಸಲ ಅವಳಿಗೆ ವಾಂತಿ ಹತ್ತಿಕೊಂಡಿತ್ತು. "ಹೊಟ್ಟೇಲಿ ಒಂದಗುಳಿಲ್ಲ, ಸೂಜಿ ಯಾಕಮ್ಮ ಚುಚ್ತೀಯ" ಅಂದ್ರು ನಮ್ಮತ್ತೆ. ನನಗೂ ಹೌದೆನಿಸಿ ರಾತ್ರಿಯ ಡೋಸ್ ಬಿಟ್ಟೆ. ಪಟ್ಟಿ ಅದ್ದಿದರೆ ಬಣ್ಣವೇ ಬದಲಾಗಲಿಲ್ಲ, ಧೈರ್ಯವಾಗಿ ಮಲಗಿದೆ. ಬೆಳಗಿನ ಜಾವ ಎದ್ದು ನೋಡಿದರೆ ಮಗು ಏದುಸಿರು ಬಿಡ್ತಿದೆ, ಬಾಯಿಂದ ಮಾಗಿದ ಹಣ್ಣಿನ ವಾಸನೆ. ಎರಡು ದಿನ ಐಸಿಯುನಲ್ಲಿದ್ದಳು. ಆ ಪಟ್ಟಿ ಡಬ್ಬಿ ಬಚ್ಚಲುಮನೆ ಗೂಡಿನಲ್ಲಿತ್ತು, ಮುಚ್ಚಳ ಸಡಿಲ, ತೆರೆದು ವರ್ಷವಾಗಿತ್ತು. ತೇವ ಹಿಡಿದ ಪಟ್ಟಿ ಕೀಟೋನ್ ಇದ್ದರೂ ಇಲ್ಲ ಅನ್ನಬಹುದು. ಈಗ ನಾನು ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆದಿಟ್ಟು, ಆರು ತಿಂಗಳಾದ ಮೇಲೆ ಎಸೆಯುತ್ತೇನೆ.

ಇನ್ಸುಲಿನ್ ಸಾಲದಿದ್ದಾಗ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಮೈಗೆ ದಕ್ಕುವುದಿಲ್ಲ, ಆಗ ಮೈ ಕೊಬ್ಬನ್ನು ಕರಗಿಸುತ್ತದೆ. ಹಾಗೆ ಹುಟ್ಟುವುದೇ ಕೀಟೋನ್, ಹೆಚ್ಚಾದರೆ ರಕ್ತ ಆಮ್ಲವಾಗುತ್ತದೆ. ಏಕಾದಶಿ ಉಪವಾಸ ಮಾಡಿದ ಆರೋಗ್ಯವಂತರ ಮೂತ್ರದಲ್ಲೂ ತುಸು ಕಾಣಬಹುದು, ಅದಕ್ಕೆ ಹೆದರಬೇಕಿಲ್ಲ. ಶುಗರ್ 250 ದಾಟಿ ಕೀಟೋನೂ ಬಂದರೆ ಮಾತ್ರ ಲೆಕ್ಕವೇ ಬೇರೆ.

ಪಟ್ಟಿಯನ್ನು ಎಷ್ಟು ಸೆಕೆಂಡಿಗೆ ಓದಬೇಕು ಅಂತ ಡಬ್ಬಿ ಮೇಲೆ ಇರುತ್ತದೆ, ಕೆಲವಕ್ಕೆ 15, ಕೆಲವಕ್ಕೆ 40. ಗಡಿಯಾರ ನೋಡಿಕೊಂಡೇ ಓದಿ, ತಡವಾದರೆ ಬಣ್ಣ ನಂಬಬೇಡಿ. ಡಬ್ಬಿ ಮೇಲಿನ ಬಣ್ಣದ ಚೌಕಗಳಿಗೆ ಹೋಲಿಸಿದರೆ ತಿಳಿ ಗುಲಾಬಿ ಸಾಮಾನ್ಯವಾಗಿ 5 ಅಥವಾ 15ರ (mg/dL) ಚೌಕ. ನೀರು ಚೆನ್ನಾಗಿ ಕುಡಿಸಿ, ಡಾಕ್ಟರ್ ಹೇಳಿದಷ್ಟು ಇನ್ಸುಲಿನ್ ಕೊಟ್ಟು, ಎರಡು ಮೂರು ಗಂಟೆಗೊಮ್ಮೆ ಶುಗರ್, ಕೀಟೋನ್ ಎರಡೂ ನೋಡಿ. 40ರ ಗಾಢ ಬಣ್ಣ ಅಥವಾ ನೇರಳೆ ಬಂದರೆ ಆಸ್ಪತ್ರೆಗೆ ಹೊರಡಿ. ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು, ಏದುಸಿರು, ಮಂಪರು ಕಂಡರೆ ಪಟ್ಟಿ ಏನೇ ಹೇಳಲಿ, ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಮೂತ್ರ ಹೇಳುವುದು ಕೆಲವು ಗಂಟೆ ಹಿಂದಿನ ಸುದ್ದಿ. ಅದರಲ್ಲೂ ಈ ಪಟ್ಟಿ ಮುಖ್ಯವಾಗಿ ಹಿಡಿಯುವುದು ಅಸಿಟೊಅಸಿಟೇಟ್ ಎಂಬ ಒಂದು ಬಗೆಯ ಕೀಟೋನನ್ನು. ಕಾಯಿಲೆ ಏರಿದಾಗ ರಕ್ತದಲ್ಲಿ ಹೆಚ್ಚಿರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದು ಕೀಟೋನ್ ಅದಕ್ಕೆ ಕಾಣುವುದೇ ಇಲ್ಲ. ಮಗಳಿಗೆ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ರಕ್ತದ ಕೀಟೋನ್ ನೋಡುತ್ತಿದ್ದರು: 0.6 mmol/L ಒಳಗಿದ್ದರೆ ಸರಿ, 3 ದಾಟಿದರೆ ತುರ್ತು. ಕೈಗೆಟುಕಿದರೆ ಆ ಮೀಟರ್ ತಗೊಳ್ಳಿ.

ರಾತ್ರಿ ಅಲಾರಂ ಇಟ್ಟುಕೊಳ್ಳಿ. ಬೆಳಗ್ಗೆ ಮಗ ಹೇಗಿದ್ದಾನೆ ಅಂತ ಒಂದು ಸಾಲು ತಿಳಿಸಿ, ಕಾಯ್ತಿರ್ತೀನಿ.