ಓದುಗರ ಪ್ರಶ್ನೆ: ಗೇಶಾ ಆಗುವ ದಾರಿ, ಬಿಳಿ ಬಣ್ಣದ ಪಟ್ಟು

ಪ್ರಶ್ನೆ: ನನಗೆ 19 ವರ್ಷ, ಭರತನಾಟ್ಯ ಕಲಿಯುತ್ತಿದ್ದೇನೆ. ಗೇಶಾ ತರಬೇತಿ ಎಷ್ಟು ವರ್ಷದ್ದು? ನಮ್ಮ ನಾಟ್ಯ ಗೊತ್ತಿದ್ದವರಿಗೆ ಅದು ಸುಲಭವೇ?
– ನೃತ್ಯ ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಗೇಶಾ ಎಂದರೆ ಕೂಟಗಳಲ್ಲಿ ನೃತ್ಯ, ಸಂಗೀತದಿಂದ ಅತಿಥಿಗಳನ್ನು ರಂಜಿಸುವ ಜಪಾನಿ ಕಲಾವಿದೆ. ಜಪಾನಿನ ಕ್ಯೋಟೋ ನಗರದ ಲೆಕ್ಕಕ್ಕೆ 19 ತಡವೇ ಆಯಿತು. ಅಲ್ಲಿ ಒಂಬತ್ತನೇ ತರಗತಿ ಮುಗಿಸಿದ ಹುಡುಗಿಯರು ‘ಒಕಿಯಾ’ ಎಂಬ, ಗೇಶಾಗಳನ್ನು ಇರಿಸಿಕೊಂಡು ಕಲಿಸುವ ಮನೆ ಸೇರುತ್ತಾರೆ. ಯಜಮಾನಿಯನ್ನು ‘ಅಮ್ಮ’ ಎಂದೇ ಕರೆಯಬೇಕು. ಮೊದಲ ಒಂದು ವರ್ಷದಷ್ಟು ಕಾಲ ‘ಶಿಕೋಮಿ’: ಮನೆಗೆಲಸ, ಕ್ಯೋಟೋದ ಮಾತಿನ ಧಾಟಿ, ನೃತ್ಯಪಾಠ. ನಂತರ ತಿಂಗಳ ಮಟ್ಟಿಗೆ ‘ಮಿನಾರಾಯಿ’, ಅಂದರೆ ಚಹಾಮನೆಯ ಕೂಟದಲ್ಲಿ ಕುಳಿತು ನೋಡಿ ಕಲಿಯುವುದು. ಆಮೇಲೆ ಐದು ವರ್ಷದ ಹತ್ತಿರ ‘ಮೈಕೋ’, ಅಂದರೆ ತರಬೇತಿಯಲ್ಲಿರುವ ಗೇಶಾ. 20ರ ಆಸುಪಾಸಿನಲ್ಲಿ ಕೆಂಪು ಕೊರಳಪಟ್ಟಿ ಹೋಗಿ ಬಿಳಿಯದು ಬಂದರೆ ಆಕೆ ಪೂರ್ಣ ಗೇಶಾ.

ಮೈಕೋಗೆ ಸಂಬಳವಿಲ್ಲ, ಕೈಖರ್ಚಿನ ಹಣ ಮಾತ್ರ. ಊಟ, ಕಿಮೋನೋ, ಪಾಠದ ಶುಲ್ಕ ಎಲ್ಲ ಒಕಿಯಾದ್ದು. ಕೂಟದ ಸಂಪಾದನೆಯೂ ಅದಕ್ಕೇ. ಸ್ವಂತ ಕೂದಲಲ್ಲೇ ತುರುಬು. ವಾರಕ್ಕೊಮ್ಮೆ ಕಟ್ಟಿಸಿ, ಕೆಡದಂತೆ ಎತ್ತರದ ದಿಂಬಿಗೆ ಕತ್ತನ್ನಷ್ಟೇ ಆನಿಸಿ ಮಲಗಬೇಕು. ವರ್ಷಗಟ್ಟಲೆ ಎಳೆದು ಕಟ್ಟಿ ನೆತ್ತಿ ಬೋಳಾಗುವುದೂ ಉಂಟು.

ಇನ್ನು ನಾಟ್ಯ. ಮಂಡಿಗಳನ್ನು ಹೊರಕ್ಕೆ ತೆರೆದು ಬಾಗಿಸುವ ನಿಮ್ಮ ಅರೆಮಂಡಿಯೇ ಮೊದಲ ಅಡ್ಡಿ. ಅಲ್ಲಿಯೂ ಸೊಂಟ ಇಳಿಸಿ ಮಂಡಿ ಬಾಗಿಸುತ್ತಾರೆ, ಆದರೆ ಸ್ತ್ರೀಪಾತ್ರದಲ್ಲಿ ಮಂಡಿಗಳು ಕೂಡಿರಬೇಕು, ಕಾಲ್ಬೆರಳು ಒಳಮುಖ. ಮಂಡಿ ತೆರೆದರೆ ಕಿಮೋನೋದ ಅಂಚೇ ಬಿಚ್ಚಿಕೊಳ್ಳುತ್ತದೆ. ಕ್ಯೋಟೋದ ಗೇಶಾ ಕೇರಿಗಳಲ್ಲಿ ಒಂದಾದ ಗಿಯೊನ್ ಕೋಬುವಿನಲ್ಲಿ ಇನೋವೆ ಎಂಬ ಪರಂಪರೆಯ ನೃತ್ಯ ಮಾತ್ರ. ಅದರಲ್ಲಿ ಮುಖದ ಅಭಿನಯಕ್ಕೆ ಜಾಗವೇ ಇಲ್ಲವೆನ್ನಬಹುದು. ಕಣ್ಣು ಕುಣಿಸುವ ಅಭ್ಯಾಸ ಬಿಡುವುದು, ಹೆಜ್ಜೆ ಕಲಿಯುವುದಕ್ಕಿಂತ ಕಷ್ಟ. ತಾಳಜ್ಞಾನ ಮಾತ್ರ ವ್ಯರ್ಥವಾಗದು: ಮೂರು ತಂತಿಯ ಶಾಮಿಸೆನ್ ವಾದ್ಯ, ಜಪಾನಿ ಡೋಲುಗಳ ಪಾಠವೂ ಇರುತ್ತದೆ.

ಪ್ರಶ್ನೆ: ನಮ್ಮ ನಾಟಕದಲ್ಲಿ ಮೈಕೋ ಪಾತ್ರವಿದೆ. ಹಚ್ಚಿದ ಬಿಳಿ ಬಣ್ಣ ಮೊದಲ ಅಂಕದಲ್ಲೇ ಬಿರಿಯುತ್ತದೆ. ಅವರು ಹೇಗೆ ಹಚ್ಚುತ್ತಾರೆ?
– ಹವ್ಯಾಸಿ ರಂಗತಂಡ, ಬಸವನಗುಡಿ

ಉತ್ತರ: ನೀವು ಬಣ್ಣದ ಕೆಳಗೆ ಮೇಣ ಹಚ್ಚುತ್ತಿಲ್ಲವೆಂದು ಕಾಣುತ್ತದೆ. ಅವರು ‘ಬಿಂತ್ಸುಕೆ’ ಎಂಬ ಗಟ್ಟಿ ಮೇಣವನ್ನು ಅಂಗೈಯಲ್ಲಿ ಉಜ್ಜಿ ಕರಗಿಸಿ, ಮುಖ, ಕೊರಳು, ಹೆಕ್ಕತ್ತಿಗೆ ತೆಳ್ಳಗೆ ಸವರುತ್ತಾರೆ. ಬಿಳಿ ಬಣ್ಣವನ್ನು ನೀರಲ್ಲಿ ಕಲಸಿ ಅಗಲ ಬ್ರಷ್‌ನಿಂದ ಎಳೆದು, ತಕ್ಷಣ ಸ್ಪಂಜಿನಿಂದ ಒತ್ತಿ ಹೆಚ್ಚಿನ ನೀರು ತೆಗೆಯುತ್ತಾರೆ. ಈ ಒತ್ತುವಿಕೆ ತಪ್ಪಿದರೆ ಬಿರುಕು ಖಚಿತ. ಮೇಣ ದಪ್ಪವಾದರೆ ಬೆವರಿಗೆ ಜಾರುತ್ತದೆ, ಸಾಲದಿದ್ದರೆ ಬಣ್ಣ ಮಚ್ಚೆಮಚ್ಚೆಯಾಗಿ ಕೂರುತ್ತದೆ. ಮೈಕೋ ಆದರೆ ಕೂದಲಂಚಿನಲ್ಲಿ ಚರ್ಮದ ಸಣ್ಣ ಗೆರೆ ಬಿಡಿ. ಹೆಕ್ಕತ್ತಿನಲ್ಲಿ ಬಣ್ಣವಿಲ್ಲದ ಎರಡು ಚೂಪು ಎಳೆಗಳಿರಲಿ, ವಿಧ್ಯುಕ್ತ ಸಮಾರಂಭದ ದೃಶ್ಯವಾದರೆ ಮೂರು. ಮೊದಲ ವರ್ಷದವಳಿಗೆ ಕೆಳತುಟಿಗಷ್ಟೇ ಕೆಂಪು.

ಉಡುಪಿನಲ್ಲಿ ಎಡ ಮಡಿಕೆ ಬಲದ ಮೇಲೆ ಬರಲಿ. ತಿರುವುಮುರುವು ಉಡಿಸುವುದು ಶವಕ್ಕೆ. 5 ಮೀಟರಿಗೂ ಉದ್ದದ ನಡುಪಟ್ಟಿಯ ಗಂಟು ಬೆನ್ನಿಗೆ. ಮುಂದೆ ಕಟ್ಟಿದರೆ ಹಳೆಗಾಲದ ವೇಶ್ಯೆ ‘ಒಯಿರಾನ್’ ಆಗಿಬಿಡುತ್ತಾಳೆ. ಗೇಶಾ ಕಲಾವಿದೆ, ಅವಳ ಕಸುಬೇ ಬೇರೆ. ನಮ್ಮ ರಂಗದ ಮೇಲೆ ಈ ಎಡವಟ್ಟು ಸಾಕಷ್ಟು ನಡೆಯುತ್ತದೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಕ್ಯೋಟೋಗೆ ಹೋಗುತ್ತಿದ್ದೇವೆ. ಗಿಯೊನ್‌ನಲ್ಲಿ ಗೇಶಾಗಳ ಫೋಟೊ ತೆಗೆಯಬಹುದೇ?
– ಓದುಗರು, ಜಯನಗರ

ಉತ್ತರ: ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರು ಕಾಲಿಡುವಂತಿಲ್ಲ, 10,000 ಯೆನ್ ದಂಡದ ಫಲಕಗಳಿವೆ. ಹಗಲು ಪೂರ್ತಿ ಅಲಂಕಾರದಲ್ಲಿ ಓಡಾಡುವವರು ಹೆಚ್ಚಾಗಿ ಬಾಡಿಗೆ ವೇಷದ ಪ್ರವಾಸಿಗರೇ. ಪರಿಚಯಸ್ಥರ ಶಿಫಾರಸಿಲ್ಲದೆ ಚಹಾಮನೆಗಳು ಹೊಸಬರನ್ನು ಸಾಮಾನ್ಯವಾಗಿ ಬಿಟ್ಟುಕೊಳ್ಳುವುದಿಲ್ಲ. 1872ರಲ್ಲಿ ಆರಂಭವಾದ ‘ಮಿಯಾಕೊ ಒದೊರಿ’ ಎಂಬ ಗೇಶಾ, ಮೈಕೋಗಳ ನೃತ್ಯ ಪ್ರದರ್ಶನ ಏಪ್ರಿಲ್‌ನಲ್ಲೇ ಇರುತ್ತದೆ. ಅದರ ಟಿಕೆಟ್ ಮೊದಲೇ ಕೊಂಡುಕೊಳ್ಳಿ.