ಈಜಿ ಹೋದ ಮೀನು ಬದುಕಿತೇ?

ಪ್ರಶ್ನೆ: ನಾನು ಮೈಸೂರಿನವನು. ಮಾರ್ಚ್ ಕೊನೆಯಲ್ಲಿ ಪರವಾನಗಿ ಪಡೆದು ಕೊಡಗಿನ ಕಾವೇರಿಯಲ್ಲಿ ಗಾಳ ಹಾಕಿದ್ದೆ. ನಡುಮಧ್ಯಾಹ್ನ ರಾಗಿ ಮುದ್ದೆಯ ಉಂಡೆಗೆ ಭಾರಿ ಮಹಶೀರ್ ಮೀನು ಒಂದು ಸಿಕ್ಕಿತು. ಟಂಗೂಸು ತೆಳುವಾಗಿದ್ದುದರಿಂದ ದಡಕ್ಕೆ ತರಲು ಐವತ್ತು ನಿಮಿಷ ಬೇಕಾಯಿತು. ತಕ್ಕಡಿಯ ಕೊಕ್ಕೆಯನ್ನು ಕಿವಿರಿಗೆ ಸಿಕ್ಕಿಸಿ ತೂಗಿದೆವು, 19 ಕಿಲೋ ಇತ್ತು. ಮರಳಿನ ಮೇಲೆ ಮಲಗಿಸಿ ಒಬ್ಬೊಬ್ಬರಾಗಿ ಫೋಟೊ ತೆಗೆಸಿಕೊಂಡು ನೀರಿಗೆ ಬಿಟ್ಟಾಗ ಬಾಲ ಬಡಿದು ಚೆನ್ನಾಗಿಯೇ ಹೋಯಿತು. ಮರುದಿನ ಬೆಳಿಗ್ಗೆ ಅದು ಕೆಳಗಿನ ಮಡುವಿನಲ್ಲಿ ಸತ್ತು ತೇಲುತ್ತಿದೆ ಎಂದು ತೆಪ್ಪದವರು ಬಂದು ಹೇಳಿದರು. ಈಜಿ ಹೋದ ಮೀನು ಸತ್ತದ್ದೇಕೆ?

ಉತ್ತರ: ನಡೆದದ್ದನ್ನು ಮುಚ್ಚಿಡದೆ ಬರೆದಿದ್ದೀರಿ. ಗಾಳ ಹಾಕುವವರಲ್ಲಿ ಹೆಚ್ಚಿನವರಿಗೆ ತಾವು ಬಿಟ್ಟ ಮೀನು ಮರುದಿನ ಏನಾಯಿತೆಂಬುದು ತಿಳಿಯುವುದೇ ಇಲ್ಲ, ಏಕೆಂದರೆ ಸತ್ತ ಮೀನನ್ನು ಹೊಳೆ ಕೊಂಡೊಯ್ಯುತ್ತದೆ, ಇಲ್ಲವೇ ನೀರುನಾಯಿ, ಮೊಸಳೆಗಳು ಮುಗಿಸುತ್ತವೆ. ಹೀಗಾಗಿ 'ಬಿಟ್ಟೆ, ಹೋಯಿತು' ಎಂಬಲ್ಲಿಗೆ ಎಲ್ಲರ ಕಥೆಯೂ ಸುಖಾಂತವಾಗಿಬಿಡುತ್ತದೆ.

ಕೈಯಿಂದ ಜಾರಿ ಈಜಿ ಹೋದ ಮಾತ್ರಕ್ಕೆ ಮೀನು ಚೇತರಿಸಿಕೊಂಡಿದೆ ಎನ್ನಲಾಗದು. ಗಾಳಕ್ಕೆ ಸಿಕ್ಕ ಮೀನು ಎಳೆದಾಡುವುದು ತನ್ನ ಬಿಳಿ ಸ್ನಾಯುಗಳ ಬಲದಿಂದ. ಈ ಸ್ನಾಯುಗಳು ಸಾಕಷ್ಟು ಆಮ್ಲಜನಕವಿಲ್ಲದೆಯೇ ಗ್ಲೈಕೋಜನ್ ಎಂಬ ಕೂಡಿಟ್ಟ ಶಕ್ತಿಯ ದಾಸ್ತಾನನ್ನು ಉರಿಸುವುದರಿಂದ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ರಕ್ತ ಆಮ್ಲೀಯವಾಗುತ್ತದೆ. ಐದು ನಿಮಿಷದ ಹೋರಾಟದ ಸಾಲವನ್ನು ಮೀನು ಹೇಗೋ ತೀರಿಸಿಕೊಳ್ಳಬಹುದು. ಐವತ್ತು ನಿಮಿಷದ ಸಾಲ ತೀರಲು ಹಲವು ಗಂಟೆಗಳು ಬೇಕು, ಆ ಗಂಟೆಗಳಲ್ಲಿ ಅದು ಸೆಳವಿಗೆ ಎದುರಾಗಿ ನಿಲ್ಲಲೂ ಆಗದ ಸ್ಥಿತಿಯಲ್ಲಿರುತ್ತದೆ. ನಿಮ್ಮ ಕೈಯಿಂದ ಬಾಲ ಬಡಿದು ಹೋದದ್ದು ಹೆದರಿಕೆಯ ಕೊನೆಯ ಓಟವಾಗಿದ್ದಿರಬೇಕು.

ಇದಕ್ಕೆ ಮಾರ್ಚ್ ಕೊನೆಯ ನಡುಮಧ್ಯಾಹ್ನ ಸೇರಿಕೊಂಡಿತು. 20 ಡಿಗ್ರಿ ಸೆಲ್ಸಿಯಸ್‌ನ ನೀರು ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿನೀರಿನಲ್ಲಿ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಏರುತ್ತದೆ. ಬೇಸಿಗೆಯಲ್ಲಿ ಹರಿವು ಇಳಿದು ದೊಡ್ಡ ಮೀನುಗಳೆಲ್ಲ ಕೆಲವೇ ಮಡುಗಳಲ್ಲಿ ಸೇರಿರುವುದರಿಂದ ಗಾಳಕ್ಕೆ ಬೇಗ ಸಿಗುತ್ತವೆ ಎಂಬುದು ನಿಜ. ಆದರೆ ಅವುಗಳಿಗೆ ಸೋಲಲು ಅತ್ಯಂತ ಕೆಟ್ಟ ಕಾಲವೂ ಅದೇ. ನನ್ನನ್ನು ಕೇಳಿದರೆ, ಆ ದಿನಗಳಲ್ಲಿ ಬೆಳಗಿನ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ದೊಡ್ಡ ಮೀನಿನ ಆಸೆಯಿಂದ ಗಾಳ ಹಾಕಲೇಬಾರದು.

ಇನ್ನು ದಡದ ಮೇಲಿನ ನಿಮಿಷಗಳು. ಕಿವಿರಿನ ಎಸಳುಗಳು ನೀರಿನಲ್ಲಿ ಮಾತ್ರ ಬಿಡಿಬಿಡಿಯಾಗಿ ಅರಳಿ ನಿಲ್ಲುತ್ತವೆ. ಗಾಳಿಗೆ ಬಂದೊಡನೆ ಒದ್ದೆ ಕಾಗದದ ಹಾಳೆಗಳಂತೆ ಒಂದಕ್ಕೊಂದು ಅಂಟಿಕೊಂಡು ಉಸಿರಾಟವೇ ನಿಂತುಹೋಗುತ್ತದೆ. ಕೆನಡಾದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೇನ್‌ಬೋ ಟ್ರೌಟ್ ಮೀನುಗಳನ್ನು ದಣಿಯುವವರೆಗೆ ಓಡಾಡಿಸಿ ನೋಡಿದರು. ದಣಿವು ಮಾತ್ರ ಆದವುಗಳಲ್ಲಿ ಸುಮಾರು ಶೇ. 12ರಷ್ಟು ಸತ್ತರೆ, ದಣಿದ ಮೇಲೆ 30 ಸೆಕೆಂಡು ಗಾಳಿಯಲ್ಲಿದ್ದವುಗಳಲ್ಲಿ ಶೇ. 38, ಒಂದು ನಿಮಿಷ ಇದ್ದವುಗಳಲ್ಲಿ ಶೇ. 72ರಷ್ಟು ಸತ್ತವು. ಟ್ರೌಟ್ ತಣ್ಣೀರಿನ ಮೀನು, ಮಹಶೀರ್ ಅದಕ್ಕಿಂತ ಗಟ್ಟಿ. ಈ ಅಂಕಿಗಳನ್ನು ಕಾವೇರಿಗೆ ಹಾಗೆಯೇ ಹಚ್ಚುವುದು ಸರಿಯಲ್ಲ. ಆದರೆ ಅರ್ಧ ನಿಮಿಷಕ್ಕೂ ಒಂದು ನಿಮಿಷಕ್ಕೂ ನಡುವಿನ ಅಂತರವನ್ನು ಗಮನಿಸಿ. ನೀವು ಒಬ್ಬೊಬ್ಬರಾಗಿ ಫೋಟೊ ತೆಗೆಸಿಕೊಂಡಿದ್ದೀರಿ.

ತೂಗಿದ ರೀತಿಯ ಬಗ್ಗೆ ಸ್ವಲ್ಪ ಕಠಿಣವಾಗಿಯೇ ಹೇಳಬೇಕಾಗಿದೆ. ಹತ್ತೊಂಬತ್ತು ಕಿಲೋದ ಮೀನಿನ ಭಾರವನ್ನು ಹುಟ್ಟಿದಂದಿನಿಂದ ಹೊತ್ತದ್ದು ನೀರು. ಅದನ್ನು ಕಿವಿರಿನಿಂದ ನೇತುಹಾಕಿದಾಗ ಆ ಇಡೀ ಭಾರ ಕೊರಳಿನ ಮೃದುವಾದ ಕೀಲುಗಳ ಮೇಲೆ ಬೀಳುತ್ತದೆ, ಒಳಗಿನ ಅಂಗಗಳು ಕೆಳಕ್ಕೆ ಜಗ್ಗುತ್ತವೆ, ಕಿವಿರು ಹರಿದರೆ ರಕ್ತ ನಿಲ್ಲುವುದಿಲ್ಲ. ಅರ್ಧ ಕಿಲೋದ ಮೀನಿಗೆ ಇದರಿಂದ ಅಷ್ಟೇನೂ ಆಗದಿರಬಹುದು. ಮೀನು ದೊಡ್ಡದಾದಷ್ಟೂ ಪೆಟ್ಟು ದೊಡ್ಡದು. ತೂಕ ತಿಳಿಯಲೇಬೇಕೆಂದಿದ್ದರೆ ಹೊಲಿಗೆಯ ಅಳತೆ ಟೇಪು ಸಾಕು. ಮೀನನ್ನು ನೀರಿನಲ್ಲೇ ಹಿಡಿದು ಮೂತಿಯಿಂದ ಬಾಲದವರೆಗಿನ ಉದ್ದ ಮತ್ತು ದೇಹ ಅತ್ಯಂತ ದಪ್ಪವಾಗಿರುವಲ್ಲಿನ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 29,000ದಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಉದ್ದ 120, ಸುತ್ತಳತೆ 75 ಇದ್ದರೆ ಸುಮಾರು 23 ಕಿಲೋ. ಒಂದು ಕಿಲೋ ಆಚೀಚೆ ಆದರೆ ಕಳೆದುಕೊಳ್ಳುವುದೇನೂ ಇಲ್ಲ. ಬಿಸಿ ಮರಳಂತೂ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಬೂಷ್ಟು ರೋಗ ಬಾರದಂತೆ ಕಾಯುವುದು ಆ ಲೋಳೆಯೇ. ಒಣಗಿದ ಕೈಯಿಂದಲೂ ಮುಟ್ಟಬಾರದು.

ಹಾಗಾದರೆ ಏನು ಮಾಡಬೇಕಿತ್ತು? ಬಿಡುವ ಕೆಲಸ ಶುರುವಾಗುವುದು ಮನೆಯಲ್ಲಿ, ಸಾಮಾನು ಕಟ್ಟಿಕೊಳ್ಳುವಾಗ. ತೆಳು ದಾರದಲ್ಲಿ ದೊಡ್ಡ ಮೀನನ್ನು ಆಡಿಸಿ ದಣಿಸುವುದೇ ಜಾಣತನ ಎಂಬ ಹಳೆಯ ಹೆಮ್ಮೆ ನಮ್ಮಲ್ಲಿದೆ. ಮೀನನ್ನು ಕೊಂದು ಒಯ್ಯುವವನಿಗೆ ಆ ಮಾತು ಸರಿ, ಬಿಡುವವನಿಗೆ ಅಲ್ಲ. ಬಲವಾದ ರಾಡು, ದಪ್ಪ ದಾರ, ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಒಂಟಿ ಕೊಕ್ಕೆ, ಇವಿದ್ದರೆ ಎಳೆದಾಟ ಬೇಗ ಮುಗಿಯುತ್ತದೆ, ಕೊಕ್ಕೆಯೂ ಒಂದು ತಿರುವಿಗೆ ಬಿಡುತ್ತದೆ. ಮೊಣಕಾಲುದ್ದದ ನೀರಿಗೆ ನೀವೇ ಇಳಿದು, ಗಂಟುಗಳಿಲ್ಲದ ರಬ್ಬರ್ ಬಲೆಯಲ್ಲಿ ಮೀನನ್ನು ಮುಳುಗಿಸಿಯೇ ಇಟ್ಟುಕೊಂಡು ಕೊಕ್ಕೆ ಬಿಡಿಸಿ. ಕೊಕ್ಕೆ ಗಂಟಲಿನ ಆಳಕ್ಕೆ ಹೋಗಿದ್ದರೆ ಕೆದಕದೆ ದಾರವನ್ನು ಬುಡಕ್ಕೆ ಕತ್ತರಿಸಿಬಿಡಿ. ಫೋಟೊಗೆ ಮೊದಲೇ ಕ್ಯಾಮೆರಾ ಸಿದ್ಧವಿರಲಿ. ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ಎದೆಯ ಕೆಳಗೆ ಕೊಟ್ಟು, ಅಡ್ಡವಾಗಿ, ನೀರಿನಿಂದ ಗೇಣುದ್ದ ಮೇಲೆತ್ತಿ ನಿಮ್ಮ ಉಸಿರು ಬಿಗಿಹಿಡಿಯಿರಿ. ಹತ್ತು ಸೆಕೆಂಡಿಗೆ ಇಳಿಸಿ.

ಆಮೇಲಿನ ಕೆಲಸಕ್ಕೆ ತಾಳ್ಮೆ ಬೇಕು. ಮೀನಿನ ಮುಖವನ್ನು ಹರಿವಿಗೆ ಎದುರಾಗಿಸಿ, ಹೊಟ್ಟೆಯ ಕೆಳಗೆ ಅಂಗೈ ಆಸರೆ ಕೊಟ್ಟು ಸುಮ್ಮನೆ ನಿಲ್ಲಿ. ಹಿಂದಕ್ಕೂ ಮುಂದಕ್ಕೂ ಜಗ್ಗುವ ಅಭ್ಯಾಸ ಹಲವರಿಗಿದೆ, ಅದು ತಪ್ಪು. ಹಿಂದಕ್ಕೆ ಎಳೆದಾಗ ನೀರು ಕಿವಿರಿನಲ್ಲಿ ಉಲ್ಟಾ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಕಿವಿರಿನ ಮುಚ್ಚಳ ಒಂದೇ ಲಯದಲ್ಲಿ ತೆರೆದು ಮುಚ್ಚತೊಡಗುತ್ತದೆ. ಆಗ ಮೀನನ್ನು ಮೆಲ್ಲನೆ ಪಕ್ಕಕ್ಕೆ ವಾಲಿಸಿ ನೋಡಿ: ತಾನಾಗಿಯೇ ನೆಟ್ಟಗಾದರೆ ಹೊರಡಲು ಸಿದ್ಧವಿದೆ, ವಾಲಿದಂತೆಯೇ ಉಳಿದರೆ ಇನ್ನೂ ಕಾಯಬೇಕು. ಇಷ್ಟು ಹೊತ್ತು ನಿಲ್ಲಲು ಮನಸ್ಸಿಲ್ಲದವರು ಇಪ್ಪತ್ತು ಕಿಲೋದ ಮೀನಿಗೆ ಗಾಳ ಹಾಕಬಾರದು.

ಪ್ರಶ್ನೆ: ಕಾವೇರಿಯಲ್ಲಿ ಹಿಂದೆ ಐವತ್ತು ಕಿಲೋ ಮೀರಿದ ಬಿಳಿ ಮೀನು, ಅಂದರೆ ಮಹಶೀರ್, ಸಿಗುತ್ತಿತ್ತಂತೆ. ಮಹಶೀರ್ ಮರಿಗಳನ್ನು ಹೊಳೆಗೆ ಬಿಡುತ್ತಲೇ ಇದ್ದಾರೆ, ಹಿಡಿದವರೂ ಬಿಡುತ್ತಾರೆ. ಆದರೂ ಅಂಥ ಮೀನು ಈಗೇಕೆ ಕಾಣುವುದಿಲ್ಲ? (ಓದುಗರು, ಕೊಳ್ಳೇಗಾಲ)

ಉತ್ತರ: ಸಿಗುತ್ತಿತ್ತು ಎಂಬುದಕ್ಕೆ ದಾಖಲೆಯಿದೆ. ಸತ್ತ ಪ್ರಾಣಿಗಳ ಚರ್ಮ ಹದಮಾಡಿ ಜೀವಂತವಿದ್ದಂತೆ ನಿಲ್ಲಿಸುತ್ತಿದ್ದ ಮೈಸೂರಿನ ಹೆಸರಾಂತ ಕುಟುಂಬದ ಡಿ ವೆಟ್ ವಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಮೀನುಗಳು ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ.

ಕಾವೇರಿಯ ಆ ದೈತ್ಯ, ತಲೆಯ ಹಿಂದೆ ಗೂನು ಎದ್ದಿರುವ, ಕಿತ್ತಳೆ ಛಾಯೆಯ ಈಜುರೆಕ್ಕೆಗಳ ಮಹಶೀರ್. ಜಗತ್ತಿನಲ್ಲಿ ಕಾವೇರಿಯ ಜಲಾನಯನದ ಹೊರಗೆ ಅದು ಇಲ್ಲ. ಶತಮಾನಕ್ಕೂ ಹೆಚ್ಚು ಕಾಲ ಗಾಳ ಹಾಕುವವರ ಬಾಯಲ್ಲಿ ಮೆರೆದರೂ ಅದರ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ (ಐಯುಸಿಎನ್) ಪಟ್ಟಿಯಲ್ಲಿ ಅಳಿವಿನ ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಯೂ ಆಯಿತು. ಹೊಳೆಗೆ ಬಿಡುತ್ತ ಬಂದ ಮರಿಗಳು ಬೇರೆ: ನೀಲಿ ರೆಕ್ಕೆಯ ಟಾರ್ ಖುದ್ರಿ. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಅದನ್ನು ಬೆಳೆಸಿ, ಒಳ್ಳೆಯ ಉದ್ದೇಶದಿಂದಲೇ, ದೇಶದ ಹಲವು ನದಿಗಳಿಗೆ ಹಂಚಿದರು. ಕಾವೇರಿಗೂ ಅದು ಬಂತು.

ಫಲಿತಾಂಶವನ್ನು ಹೇಳಿದ್ದು ಗಾಳ ಹಾಕುವವರ ಲೆಕ್ಕದ ಪುಸ್ತಕಗಳೇ. ಕಾವೇರಿ ದಡದ ಗಾಲಿಬೋರ್‌ನ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ 6,161 ಮಹಶೀರ್‌ಗಳ ತೂಕವನ್ನು ಬರೆದಿಟ್ಟಿದ್ದರು. ಸಂಶೋಧಕರು ಅದನ್ನು ತೆರೆದು ನೋಡಿದಾಗ ಸಿಗುವ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿದ್ದು ಕಂಡಿತು, ಮೇಲುನೋಟಕ್ಕೆ ಸಂತೋಷದ ಸುದ್ದಿ. ಒಳಗೆ ನೋಡಿದರೆ ಏರಿದ್ದು ನೀಲಿ ರೆಕ್ಕೆಯದು. ಗೂನಿನದು ಕುಸಿಯುತ್ತಲೇ ಹೋಗಿತ್ತು, ಸಣ್ಣ ವಯಸ್ಸಿನವು ವಿರಳವಾಗಿ, ಕೊನೆಗೆ ಸಿಗುತ್ತಿದ್ದದ್ದು ಹಳೆಯ ದೊಡ್ಡವು ಕೆಲವೇ. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಇವೆಲ್ಲ ಅದಕ್ಕೆ ಮೊದಲೇ ಇದ್ದ ಪೀಡೆಗಳು. ಮುಂದೆ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದೇ ನಿಂತಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ. ಆದರೆ ಅದರೊಂದಿಗೆ ದಿನಾ ದಡದಲ್ಲಿ ಇರುತ್ತಿದ್ದ ಕಣ್ಣುಗಳೂ ಆ ಲೆಕ್ಕದ ಪುಸ್ತಕವೂ ನಿಂತುಹೋದವು ಎಂಬ ಕೊರಗು ನನಗಿದೆ. ಇಂದು ಗೂನಿನ ಮಹಶೀರ್‌ಗೆ ಉಳಿದಿರುವ ಮುಖ್ಯ ನೆಲೆ ಕಾವೇರಿ ಜಲಾನಯನದ್ದೇ ಆದ ಮೋಯಾರ್ ನದಿ.

ಇದರಿಂದ ನಿಮಗೆ ಆಗಬೇಕಾದ ಪ್ರಯೋಜನ ಇಷ್ಟು: ಪರವಾನಗಿಯ ನೀರಿನಲ್ಲಿ ಎಂದಾದರೂ ಕಿತ್ತಳೆ ರೆಕ್ಕೆಯ, ಗೂನಿನ ಮೀನು ಗಾಳಕ್ಕೆ ಸಿಕ್ಕರೆ ಅದನ್ನು ನೀರಿನಿಂದ ಮೇಲೆತ್ತಲೇಬೇಡಿ. ನೀರಿನೊಳಗಿರುವಾಗಲೇ ತಲೆಯ ಪಕ್ಕ ಮತ್ತು ರೆಕ್ಕೆಗಳ ಚಿತ್ರ ತೆಗೆದು, ಜಾಗ ಮತ್ತು ದಿನಾಂಕ ಬರೆದುಕೊಂಡು, ಮೀನುಗಾರಿಕೆ ಇಲಾಖೆಗೆ ತಿಳಿಸಿ. ಕಾಟ್ಲಾ, ರೋಹುಗಳು ಕಿಲೋ ತೂಕಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಟ್ಟರೆ ಮಹಶೀರ್ ಇಡುವುದು ಕೆಲವೇ ಸಾವಿರ. ಆದ್ದರಿಂದ ಒಂದು ದೊಡ್ಡ ಹೆಣ್ಣು ಮೀನು ಹೋದರೆ ಆ ನಷ್ಟವನ್ನು ಚಿಕ್ಕವು ತುಂಬಲು ವರ್ಷಗಳು ಬೇಕು.

ಪ್ರಶ್ನೆ: ನಮ್ಮ ಬೋಟಿನ ಬಲೆಗೆ ತಿಮಿಂಗಿಲ ಶಾರ್ಕ್ ಬಿದ್ದಿತ್ತು. ಬಾಲಕ್ಕೆ ಹಗ್ಗ ಕಟ್ಟಿ ಎಳೆದು ದೂರ ಬಿಟ್ಟೆವು. ಸರಿಯೇ? (ಓದುಗರು, ಮಲ್ಪೆ)

ಉತ್ತರ: ಬಿಟ್ಟದ್ದು ಸರಿ, ಎಳೆದದ್ದು ಸರಿಯಲ್ಲ. ಮೈಮೇಲೆ ಚುಕ್ಕೆಗಳಿರುವ ಈ ಸಾಧು ಪ್ರಾಣಿ 2001ರಿಂದ ವನ್ಯಜೀವಿ ಕಾನೂನಿನ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ, ಇದೆ. ಅದು ಮುಂದಕ್ಕೆ ಸಾಗುವಾಗ ಕಿವಿರಿನಲ್ಲಿ ನೀರು ಸರಾಗವಾಗಿ ಹರಿಯುತ್ತದೆ. ಬಾಲದಿಂದ ಹಿಂದಕ್ಕೆ ಎಳೆದರೆ ಉಸಿರು ಕಟ್ಟುತ್ತದೆ, ಬೆನ್ನುಮೂಳೆಗೂ ಪೆಟ್ಟು. ಬೋಟಿನ ಎಂಜಿನ್ ನಿಲ್ಲಿಸಿ, ತಲೆಯ ಕಡೆಯಿಂದ ಬಲೆ ಕತ್ತರಿಸಿ ಅದು ತಾನಾಗಿ ಹೊರಗೆ ಹೋಗುವಂತೆ ದಾರಿ ಮಾಡಬೇಕು. ಬಾಲದ ಬಳಿ ಯಾರೂ ನಿಲ್ಲಬಾರದು. ಗುಜರಾತಿನಲ್ಲಿ ಹೀಗೆ ಕತ್ತರಿಸಿದ ಬಲೆಗೆ ಪರಿಹಾರ ಕೊಡುವ ವ್ಯವಸ್ಥೆ ವರ್ಷಗಳಿಂದ ನಡೆದಿದೆ, ಮೀನುಗಾರರೇ ತೆಗೆದ ಚಿತ್ರಗಳು ಅದಕ್ಕೆ ಸಾಕ್ಷಿಯಾಗುತ್ತವೆ. ನೀವೂ ಅರಣ್ಯ ಇಲಾಖೆಗೆ ಚಿತ್ರ ಸಮೇತ ತಿಳಿಸಿ. ಆದರೆ ಆ ಚಿತ್ರವನ್ನು ಚಾಕು ಹಿಡಿದವರು ತೆಗೆಯುವುದು ಬೇಡ, ಕೈ ಖಾಲಿ ಇರುವ ಇನ್ನೊಬ್ಬರು ತೆಗೆಯಲಿ.