ಚಿಗರಿಗೆ ಮೇವು ಹಾಕುತ್ತಿರುವವರು ಯಾರು?

ಚಿಗರಿ, ಅಂದರೆ ಕೃಷ್ಣಮೃಗದ ಬಗ್ಗೆ ಸೊಲ್ಲಾಪುರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ‘ಚಿಗರಿಗಳ ಸಂಖ್ಯೆ ಹತೋಟಿಗೆ ಬರಬೇಕು’ ಎಂಬ ಲೇಖನ ಓದಿ ನೋವಾಯಿತು. ಅಂಥ ಸಾಧು ಪ್ರಾಣಿ ಎರಡು ತುತ್ತು ತಿಂದರೆ ರೈತ ಮುಳುಗಿಹೋಗುತ್ತಾನೆಯೇ? ಅವುಗಳ ಜಾಗಕ್ಕೆ ನಾವು ಹೋಗಿದ್ದೇವೆ. ನಿಮ್ಮ ಪತ್ರಿಕೆ ಹಿಂಸೆಗೆ ದನಿ ಕೊಡಬಾರದು."

ಅಕ್ಕಾವರೇ, ಇಷ್ಟು ಮನಸ್ಸಿಟ್ಟು ಬರೆಯುವ ಓದುಗರು ಈಗ ಕಡಿಮೆ. ಅವುಗಳ ಜಾಗಕ್ಕೆ ನಾವು ಹೋಗಿದ್ದೇವೆ ಅನ್ನುವುದನ್ನು ಒಪ್ಪುತ್ತೇನೆ. ದನ ಮೇಯುವ ಊರ ಗಾಯರಾಣ ಹೋಯಿತು, ಹುಲ್ಲುಗಾವಲು ಹೋಯಿತು, ಕಬ್ಬು ಬಂತು, ಪ್ಲಾಟ್ ಬಂತು. ಆದರೆ ಆ ‘ಎರಡು ತುತ್ತು’ ಇದೆಯಲ್ಲ, ಅದನ್ನು ಮಾತ್ರ ನಾನು ಒಪ್ಪೋದಿಲ್ಲ.

ಚಳಿ ಬೀಳುವ ಹೊತ್ತಿಗೆ ಅಕ್ಕಲಕೋಟೆ ಕಡೆಯ ಎರೆಹೊಲಕ್ಕೆ ಒಮ್ಮೆ ಬನ್ನಿ. ಕಡಲೆ ಗೇಣುದ್ದ ಇರುತ್ತದೆ. ಮನೆಯ ಹೆಂಗಸರೇ ಕುಡಿ ಚಿವುಟಿ ಪಲ್ಯಕ್ಕೆ ತರುತ್ತಾರೆ, ಅದರಿಂದ ಗಿಡ ಕವಲೊಡೆದು ಚೆನ್ನಾಗೇ ಬರುತ್ತದೆ. ಚಿಗರಿಯೂ ಕುಡಿಯಷ್ಟೇ ತಿಂದಿದ್ದರೆ ಯಾರೂ ಬಾಯಿ ಮಾಡುತ್ತಿರಲಿಲ್ಲ. ಮೂವತ್ತು ನಲವತ್ತರ ಹಿಂಡು ಬುಡದ ತನಕ ಮೇಯುತ್ತಾ ಹೋಗುತ್ತದೆ, ನಾಯಿ ಬೊಗಳಿದರೆ ಹೊಲದ ನಡುವೆಯೇ ಚಂಗನೆ ಜಿಗಿದು ಓಡುತ್ತದೆ, ಗೊರಸಿಗೆ ಸಿಕ್ಕ ಗಿಡ ಮತ್ತೆ ಏಳೋದಿಲ್ಲ. ಬೆಳಿಗ್ಗೆ ನೋಡಿದರೆ ಮೊಂಡು ಕಡ್ಡಿ, ನಡುನಡುವೆ ಹಿಕ್ಕೆ. ಮತ್ತೆ ಬಿತ್ತೋಣ ಅಂದರೆ ಹೊಲದ ಹಸಿ ಆರಿರುತ್ತದೆ. ಹಳೇ ಸೀರೆಗಳನ್ನು ಗೂಟಕ್ಕೆ ಕಟ್ಟಿ ಸುತ್ತಲೂ ಬೇಲಿ ಮಾಡುತ್ತಾರೆ. ಕೆಲವು ದಿನ ಹೆದರುತ್ತವೆ, ಆಮೇಲೆ ಅದರ ಮೇಲಿಂದಲೇ ಹಾರುತ್ತವೆ. ಒಬ್ಬ ಹಿರಿಯರು ರಾತ್ರಿಯಿಡೀ ಡಬ್ಬ ಬಡಿದು ಕೂತವರು, ನನ್ನನ್ನು ಕೇಳಿದರು: "ಚಿಗರಿ ಸರಕಾರದ್ದು, ಕಡಲಿ ನಂದು. ಮೇಯಿಸಿದ್ದಕ್ಕ ಪಗಾರ ಯಾರಿಗೆ ಐತಿ ಹೇಳ್ರಿ ಸಾಹೇಬ್ರ?" ನನ್ನ ಬಳಿ ಉತ್ತರ ಇರಲಿಲ್ಲ. ನಿಮ್ಮ ಬಳಿ ಇದೆಯಾ?

ಸಾಧು ಪ್ರಾಣಿ, ಸರಿ. ತಿನ್ನುವವರಿಲ್ಲದ ಕಡೆ ಸಾಧು ಪ್ರಾಣಿಯೇ ಜಾಸ್ತಿ ಆಗುವುದು. ಬ್ರಿಟಿಷರು ಅಂಡಮಾನಿಗೆ ಚುಕ್ಕಿ ಜಿಂಕೆ ತಂದು ಬಿಟ್ಟರು. ಅಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ. ದ್ವೀಪದಿಂದ ದ್ವೀಪಕ್ಕೆ ಈಜಿ ಹರಡಿದವು, ಈಗ ಕಾಡಿನ ಎಳೆ ಸಸಿಗಳನ್ನೇ ಮೇಯುತ್ತಿವೆ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನಲ್ಲಿ ಊರೊಳಗೆ ನುಗ್ಗಿದ ಜಿಂಕೆಗಳ ಸಂಖ್ಯೆ ತಗ್ಗಿಸಲು 2016ರಿಂದ ಗಂಡುಗಳಿಗೆ ಸಂತಾನಹರಣ ಮಾಡಿಸಿದರು. ದುಡ್ಡಿದ್ದವರ ಊರು, ಮಾಡಿಸಿದರು. ನಮ್ಮಲ್ಲಿ ಏನಾಯಿತು? ಕೊಲ್ಹಾಪುರದ ಅರಸರು ಚಿಗರಿ ಬೇಟೆಗಾಗಿ ಚೀತಾ ಸಾಕುತ್ತಿದ್ದರು. ಆ ಚೀತಾ ಅಳಿದುಹೋಗಿದೆ ಅಂತ 1952ರಲ್ಲಿ ಸರ್ಕಾರವೇ ಸಾರಿತು. ಉಳಿದದ್ದು ತೋಳ, ಅದಕ್ಕೂ ಅಡಗಲು ಕುರುಚಲು ಇಲ್ಲ. ಸೊಲ್ಲಾಪುರದ ಹತ್ತಿರದ ನಾನ್ನಜದ ಅಭಯಾರಣ್ಯ 1979ರಲ್ಲಿ ಆದದ್ದು ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಾಗಿ. ಹಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ ಆಯಿತು, ಚಿಗರಿ ಬೇಕಾದಷ್ಟಿದೆ.

ಹಿಂಸೆ ಅಂದಿರಿ. ನಮ್ಮ ಲೇಖನದಲ್ಲಿ ಬಂದೂಕಿನ ಮಾತೇ ಇರಲಿಲ್ಲ, ಇನ್ನೊಮ್ಮೆ ಓದಿ ನೋಡಿ. ಚಿಗರಿ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆ ಮೊದಲನೇ ಶೆಡ್ಯೂಲಿನಲ್ಲಿ, ಅಂದರೆ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿದೆ. ಎರಡನೇ ಶೆಡ್ಯೂಲಿನ ಪ್ರಾಣಿ ಬೆಳೆ ಹಾಳು ಮಾಡಿದರೆ ಹೊಡೆಯಲು ಅನುಮತಿ ಕೊಡುವ ದಾರಿ ಇದೆ. ಮೊದಲನೆಯದಕ್ಕೆ ಮನುಷ್ಯನ ಜೀವಕ್ಕೇ ಅಪಾಯ ಇರಬೇಕು, ಇಲ್ಲವೇ ಪ್ರಾಣಿ ವಾಸಿಯಾಗದ ಸ್ಥಿತಿಯಲ್ಲಿರಬೇಕು. ಬೆಳೆ ಹೋಯಿತು ಅನ್ನುವುದು ಆ ಕಾಯ್ದೆಗೆ ಒಂದು ಕಾರಣವೇ ಅಲ್ಲ!

ಕೊಲ್ಲದೆ ಮಾಡುವ ದಾರಿ ಇದೆ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರ ಭಾಗದಲ್ಲಿ ರೈತರ ಕೂಗು ಕೇಳಿ, ಹೆಲಿಕಾಪ್ಟರಿನಿಂದ ಹಿಂಡುಗಳನ್ನು ಮೆಲ್ಲಗೆ ನೂಕಿ, ಬಾಯಿ ಅಗಲ, ಕೊನೆ ಕಿರಿದಾದ ಬೋಮಾ ಅನ್ನುವ ಆವರಣದೊಳಗೆ ಸೇರಿಸಿ, ಲಾರಿಯಲ್ಲಿ ನೂರಾರು ಚಿಗರಿಗಳನ್ನು ಅಭಯಾರಣ್ಯಗಳಿಗೆ ಸಾಗಿಸಿದರು. ಅಲ್ಲಿ ಆದದ್ದು ಇಲ್ಲಿ ಯಾಕಾಗಬಾರದು?

ಯಾಕಂದರೆ ಇದು ಮಹಾರಾಷ್ಟ್ರ, ಕರ್ನಾಟಕದ ಗಡಿ. ನನ್ನ ಹೊಟ್ಟೆ ಉರಿಯುವುದೇ ಇಲ್ಲಿ. ಬೆಳೆ ಹೋದವನು ಪರಿಹಾರಕ್ಕೆ ಅರ್ಜಿ ಬರೆದು ಹೊಲದ ದಾಖಲೆಯಾದ ಸಾತ್‌ಬಾರಾ ಉತಾರಾ ಜೋಡಿಸಬೇಕು, ಅರಣ್ಯದ ಗಾರ್ಡ್, ಊರ ಜಮೀನು ಲೆಕ್ಕ ನೋಡುವ ತಲಾಠಿ, ಕೃಷಿ ಇಲಾಖೆಯವರು ಬಂದು ಪಂಚನಾಮೆ ಮಾಡಬೇಕು. ಎಲ್ಲ ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನು ಯಾರದೋ ಕೈಯಲ್ಲಿ ಬರೆಸಿ, ಒಳಗೆ ಏನಿದೆ ಅಂತ ತಿಳಿಯದೆ ಸುಮ್ನೆ ಸಹಿ ಹಾಕುತ್ತಾನೆ. ಹಿಂಡು ಕರ್ನಾಟಕದಿಂದ ಬಂದದ್ದು ಅಂತ ಈ ಕಡೆಯವರು ಅನ್ನುತ್ತಾರೆ, ಹೊಲ ಮಹಾರಾಷ್ಟ್ರದ್ದಲ್ವಾ ಅಂತ ಆ ಕಡೆಯವರು. ಗಡಿಗಾಗಿ ಗಂಟಲು ಹರಿದುಕೊಳ್ಳುವ ಎರಡೂ ಕಡೆಯ ನಾಯಕರಿಗೆ ಈ ಕಡಲೆ ಹೊಲ ಕಾಣಿಸುವುದಿಲ್ಲ. ಭಾನುವಾರ ಕ್ಯಾಮೆರಾ ಹಿಡಿದು ಬರುವವರಿಗೆ ಚಿಗರಿ ಕಾಣಿಸುತ್ತದೆ, ಅದರ ಕಾಲಡಿಯ ಬೆಳೆ ಯಾರದು ಅಂತ ಅವರೂ ಕೇಳೋದಿಲ್ಲ.

ಅಕ್ಕಾವರೇ, ಮೂವತ್ತು ವರ್ಷ ಕನ್ನಡ, ಮರಾಠಿ ಎರಡೂ ಕಲಿಸಿದೆ ಅಂತ ನೀವೇ ಬರೆದಿದ್ದೀರಿ. ಆ ಪರಿಹಾರದ ಅರ್ಜಿಯನ್ನು ಒಂದೊಂದೇ ಸಾಲು ಕನ್ನಡದಲ್ಲಿ ಬಿಡಿಸಿ ನಮಗೆ ಬರೆದುಕೊಡಿ. ಎಷ್ಟು ಪುಟ ಆದರೂ ಹಾಕುತ್ತೇನೆ. ಹಿಂಗಾರಿ ಬಿತ್ತನೆಗೆ ಮೊದಲೇ ಕೈ ಸೇರಿದರೆ ಒಳ್ಳೆಯದು.

– ಸಂಪಾದಕ